ಟಿಕೆಟ್ ದುಡ್ಡು ವಾಪಸ್ ಬಂದರೆ ಲೆಕ್ಕ ಮುಗಿಯಲಿಲ್ಲ

ಬರ್ತ್ ನಂಬರ್ ಮೊಬೈಲಿಗೆ ಬಂದಿದೆ, ಸಮಯಕ್ಕೆ ಸರಿಯಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೇವೆ, ಆದರೂ ರೈಲು ಹತ್ತಲು ಆಗಲಿಲ್ಲ. ಆಗ ನಮ್ಮೂರಿನ ಹೆಚ್ಚಿನವರು "ರಶ್ ಇತ್ತು, ಏನು ಮಾಡೋದು" ಅಂತ ಮನೆಗೆ ವಾಪಸಾಗುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಉಡುಪಿಯ ಇಂದ್ರಾಳಿ ಸ್ಟೇಷನ್ ನೋಡಿ. ಕೇರಳ ಕಡೆಯಿಂದ ಮುಂಬೈಗೆ ಹೋಗುವ ರೈಲುಗಳು ರಜೆಯ ದಿನಗಳಲ್ಲಿ ಇಲ್ಲಿಗೆ ಬರುವಾಗಲೇ ತುಂಬಿರುತ್ತವೆ. ನಿಲ್ಲುವುದು ಕೆಲವೇ ನಿಮಿಷ. ಸ್ಲೀಪರ್ ಬೋಗಿಯ ಬಾಗಿಲಲ್ಲೇ ಜನ ಕೂತಿರುತ್ತಾರೆ, ಕೆಲವೊಮ್ಮೆ ಒಳಗಿಂದ ಚಿಲಕ ಹಾಕಿರುತ್ತಾರೆ. ವಯಸ್ಸಾದ ಅಮ್ಮ, ಎರಡು ಬ್ಯಾಗ್, ಒಂದು ಮಗು ಜೊತೆಗಿದ್ದವರು ಹತ್ತುವುದು ಹೇಗೆ? ಒಳಗೆ ನುಗ್ಗಿದವರನ್ನು ನಾನು ಬೈಯುವುದಿಲ್ಲ. ಜನರಲ್ ಬೋಗಿ ಸಾಕಷ್ಟು ಇದ್ದರೆ ಅವರೂ ಅಲ್ಲಿಗೆ ಬರುತ್ತಿರಲಿಲ್ಲ. ಆದರೆ ಸೀಟು ಮಾರಿದ್ದು ರೈಲ್ವೆ. ಬೇರೆಯವರಿಗೆ ಮೀಸಲಾದ ಜಾಗದಲ್ಲಿ ಕೂತವರನ್ನು ಎಬ್ಬಿಸುವ ಅಧಿಕಾರ 1989ರ ರೈಲ್ವೆ ಕಾಯ್ದೆಯ 155ನೇ ಸೆಕ್ಷನ್‌ನಲ್ಲೇ ಅದರ ಸಿಬ್ಬಂದಿಗೆ ಇದೆ. ಇದ್ದೂ ಬಳಸದಿದ್ದರೆ ಅದು ಸೇವೆಯ ಲೋಪ.

ಟಿಡಿಆರ್ (ಪ್ರಯಾಣ ಮಾಡದ ಟಿಕೆಟ್‌ನ ದುಡ್ಡು ವಾಪಸ್ ಕೇಳುವ ಅರ್ಜಿ) ಹಾಕಿ, ದುಡ್ಡು ಬಂದರೆ ಸಾಕು ಅಂತ ಬಿಡಬೇಡಿ. ಅದು ನಿಮ್ಮದೇ ದುಡ್ಡು. ಮದುವೆಗೆ ಹಾಲ್ ಬುಕ್ ಮಾಡಿ, ಆ ದಿನ ಬೀಗ ತೆಗೆಯದೆ ಅಡ್ವಾನ್ಸ್ ಮಾತ್ರ ವಾಪಸ್ ಕೊಟ್ಟರೆ ಒಪ್ಪುತ್ತೀರಾ? ಕೊನೇ ಗಳಿಗೆಯಲ್ಲಿ ಬಸ್ಸಿಗೆ ಕೊಟ್ಟ ದುಪ್ಪಟ್ಟು ಚಾರ್ಜು, ತಪ್ಪಿದ ಇಂಟರ್‌ವ್ಯೂ, ಪಟ್ಟ ಪಾಡು, ಇವೆಲ್ಲ ಬೇರೆಯೇ ಲೆಕ್ಕ. ಟಿಕೆಟ್ ದುಡ್ಡಿನ ತಕರಾರಿಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ ಇದೆ. ಪರಿಹಾರಕ್ಕೆ ಹೋಗಬೇಕಾದ್ದು ಗ್ರಾಹಕರ ಆಯೋಗಕ್ಕೆ, ಅಂದರೆ ಜನ ಕನ್ಸ್ಯೂಮರ್ ಕೋರ್ಟ್ ಅನ್ನುವಲ್ಲಿಗೆ.

ರೈಲ್ವೆ ಎದುರು ನಾವು ಗೆಲ್ಲುತ್ತೇವಾ ಅಂತ ಕೇಳುವವರಿಗೆ ಒಂದು ಕೇಸು ಹೇಳುತ್ತೇನೆ. 2016ರಲ್ಲಿ ಒಂದು ಕುಟುಂಬ ಜಮ್ಮುವಿಗೆ ಹೋದ ರೈಲು ನಾಲ್ಕು ಗಂಟೆ ತಡವಾಗಿ, ಅವರ ಶ್ರೀನಗರದ ವಿಮಾನ ತಪ್ಪಿತು. ಟ್ಯಾಕ್ಸಿ ಖರ್ಚು 15,000 ರೂಪಾಯಿ, ಬುಕಿಂಗ್ ಖರ್ಚು 10,000, ಅದರ ಮೇಲೆ ಮಾನಸಿಕ ಹಿಂಸೆಗೆ ಬೇರೆ ಪರಿಹಾರ ಸಿಕ್ಕಿತು. ರೈಲ್ವೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, 2021ರಲ್ಲಿ ಅಲ್ಲಿಯೂ ಸೋತಿತು. ತಡ ಯಾಕಾಯಿತು ಅಂತ ಹೇಳಿ ಸಾಬೀತು ಮಾಡುವುದು ರೈಲ್ವೆಯ ಹೊಣೆ ಅಂತ ಕೋರ್ಟ್ ಹೇಳಿತು. ತಡವಾಗಿಯಾದರೂ ಊರು ಮುಟ್ಟಿದವರಿಗೇ ಹೀಗಾದರೆ, ರೈಲೇ ಹತ್ತಲಾಗದವರ ಕೇಸು ಗಟ್ಟಿಯೇ ಅಲ್ವಾ?

ನಮ್ಮ ಕರಾವಳಿಯಲ್ಲಿ ಇನ್ನೊಂದು ಗೊಂದಲ ಇದೆ. ಮಂಗಳೂರು ಸೆಂಟ್ರಲ್ ಬರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಮಂಗಳೂರು ಹತ್ತಿರದ ತೋಕೂರಿನಿಂದ ಆಚೆ, ಉಡುಪಿ ಕಡೆಗೆ, ಕೊಂಕಣ ರೈಲ್ವೆ. ಸುಬ್ರಹ್ಮಣ್ಯದ ಘಾಟಿ ಮೈಸೂರು ವಿಭಾಗದ್ದು. ದೂರು ಕೊಟ್ಟರೆ "ಅದು ನಮ್ಮದಲ್ಲ" ಅನ್ನುವುದು ಸುಲಭ. ಯಾರ ಗಡಿ ಎಲ್ಲಿ ಅಂತ ಹುಡುಕುವುದು ಪ್ರಯಾಣಿಕರ ಕೆಲಸ ಅಲ್ಲ. ಸಂಬಂಧಪಟ್ಟ ಎಲ್ಲರನ್ನೂ ಎದುರುದಾರರನ್ನಾಗಿ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಉಡುಪಿಯವರು ಉಡುಪಿಯಲ್ಲಿ, ಮಂಗಳೂರಿನವರು ಮಂಗಳೂರಿನಲ್ಲಿ. ವಕೀಲರು ಬೇಕೆಂದಿಲ್ಲ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಗ್ರಾಹಕರ ಆಯೋಗದ ದೂರುಗಳಿಗೆ ಇರುವ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಕೇಸು ನಿಲ್ಲುವುದು ಪ್ಲಾಟ್‌ಫಾರ್ಮಿನಲ್ಲಿ ನೀವು ಏನು ಮಾಡಿದಿರಿ ಅನ್ನುವುದರ ಮೇಲೆ. ರೈಲು ಎದುರಿಗಿರುವಾಗಲೇ ಬಾಗಿಲಿನ ವಿಡಿಯೋ ಮಾಡಿ, ಬೋಗಿ ನಂಬರ್ ಕಾಣಲಿ. ತಕ್ಷಣ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಅಥವಾ ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡಿ. ಸ್ಟೇಷನ್ ಮಾಸ್ಟರ್‌ಗೆ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬಸ್ ಟಿಕೆಟ್ ಬಿಸಾಡಬೇಡಿ.

ದೂರು ಕೊಡಲು 2 ವರ್ಷ ಸಮಯ ಇದೆ. ಕಳೆದ ದೀಪಾವಳಿಗೋ ಬೇಸಗೆ ರಜೆಗೋ ಹೀಗಾದವರು ಇದ್ದರೆ ಆ ಟಿಕೆಟ್‌ನ ಎಸ್‌ಎಂಎಸ್ ಡಿಲೀಟ್ ಮಾಡಬೇಡಿ. ದೂರು ಬರೆಯುವುದು ಕಷ್ಟ ಅನಿಸಿದರೆ ಇನ್‌ಬಾಕ್ಸ್‌ಗೆ ಬನ್ನಿ, ಕೂತು ಬರೆಯೋಣ.