ಹಂಸದ ಕತ್ತು

ಮೊನ್ನೆ ರಾತ್ರಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ, ಫೋನು ಟಿಂಗ್ ಅಂತು. ನಮ್ಮ ಮಹಡಿ ಮನೆಯಲ್ಲಿ ಎರಡು ದಿನ ಇದ್ದು ಹೋದವರು ರಿವ್ಯೂ ಬರೆದಿದ್ದರು. "ಮನೆ ಚೊಕ್ಕಟವಾಗಿದೆ. ಮನೆಯವರು ಒಳ್ಳೆಯವರು. ಟವೆಲ್ಲಿನಲ್ಲಿ ಮಾಡಿಟ್ಟಿದ್ದ ಬಾತುಕೋಳಿ ಮುದ್ದಾಗಿತ್ತು. ಆದರೆ ಸ್ನಾನ ಆದಮೇಲೆ ಆ ಬಾತುಕೋಳಿಯನ್ನು ಎಲ್ಲಿ ನೇತುಹಾಕಬೇಕು ಅಂತ ಗೊತ್ತಾಗಲಿಲ್ಲ. ಬಾತ್‌ರೂಮಿನಲ್ಲಿ ಒಂದು ಹುಕ್ಕೂ ಇಲ್ಲ."

ಕೆಳಗೆ ನಾಲ್ಕು ಸ್ಟಾರ್.

ಐದಕ್ಕೆ ನಾಲ್ಕು ಅಂದರೆ ನೀವು "ಪರವಾಗಿಲ್ವೇ" ಅನ್ನಬಹುದು. ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಬಂದರೆ ಮನೆಯಲ್ಲಿ ಹಬ್ಬ. ಆದರೆ ಮನೆ ಬಾಡಿಗೆಗೆ ಕೊಡುವವರ ಲೋಕದಲ್ಲಿ ನಾಲ್ಕು ಅಂದರೆ ಫೇಲು. ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿಯಲ್ಲಿ ಸೂಪರ್‌ಹೋಸ್ಟ್, ಅಂದರೆ ಮೇಲ್ದರ್ಜೆಯ ಮನೆಯವರು, ಅನ್ನಿಸಿಕೊಳ್ಳೋಕೆ ಸರಾಸರಿ ಕಡಿಮೆ ಅಂದ್ರೂ 4.8 ಇರಬೇಕು. ಅಂದರೆ ಒಂದೇ ಒಂದು ನಾಲ್ಕು ಬಿದ್ದರೆ ಅದನ್ನು ತೊಳೆದುಕೊಳ್ಳೋಕೆ ಇನ್ನೂ ನಾಲ್ಕು ಜನ ಐದೈದು ಕೊಡಬೇಕು. ಮೊನ್ನೆ ರಾತ್ರಿ ನಿದ್ದೆ ಬಾರದೆ ಹಾಕಿದ ಲೆಕ್ಕ ಇದು.

ಆ ಕಂಪನಿ ಶುರುವಾದ ಕಥೆಯಾದರೂ ಏನು? 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ಅನ್ನುವ ಇಬ್ಬರು ಹುಡುಗರಿಗೆ ಮನೆ ಬಾಡಿಗೆ ಕಟ್ಟೋಕೆ ಕಷ್ಟವಾಗಿತ್ತು. ಊರಲ್ಲಿ ಒಂದು ದೊಡ್ಡ ಸಮ್ಮೇಳನ, ಹೋಟೆಲುಗಳೆಲ್ಲ ಭರ್ತಿ. ಇವರು ತಮ್ಮ ಮನೆಯ ನೆಲದ ಮೇಲೆ ಗಾಳಿ ತುಂಬುವ ಹಾಸಿಗೆ ಹಾಸಿ, ಬನ್ನಿ ಮಲಗಿ ಅಂದರು. ಮೂರು ಜನ ಬಂದರು. ಆ ಮೂವರಲ್ಲಿ ಒಬ್ಬರಾದರೂ ಹುಕ್ ಕೇಳಿದ್ದರಾ ಅನ್ನೋದು ನನ್ನ ಪ್ರಶ್ನೆ.

ಇನ್ನೊಂದು ವಿಷಯ. ಅದು ಬಾತುಕೋಳಿ ಅಲ್ಲ, ಹಂಸ.

ಹಂಸದ ಕಥೆ ಸ್ವಲ್ಪ ಉದ್ದ, ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮಹಡಿ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡೋಣ ಅಂತ ತೀರ್ಮಾನವಾದ ದಿನವೇ ನನ್ನ ಹೆಂಡತಿ ಫೋನಿನಲ್ಲಿ ವಿಡಿಯೋ ನೋಡೋಕೆ ಕೂತಳು. "ರೀ, ಅತಿಥಿಗಳು ಬಾಗಿಲು ತೆಗೆದ ತಕ್ಷಣ ಅಯ್ಯೋ ಎಷ್ಟು ಚಂದ ಅನ್ನಬೇಕಂತೆ. ಅದಕ್ಕೆ ದುಡ್ಡು ಬೇಡ, ಮನಸ್ಸು ಬೇಕು ಅಷ್ಟೆ." ದುಡ್ಡು ಬೇಡ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ದುಡ್ಡು ಬೇಡದ ಕೆಲಸವೆಲ್ಲ ಕೊನೆಗೆ ನನ್ನ ಪಾಲಿಗೇ ಬರುತ್ತದೆ.

ವಿಡಿಯೋದಲ್ಲಿ ಎರಡು ಕೈ ಮಾತ್ರ ಕಾಣುತ್ತಿದ್ದವು. ಟವೆಲ್ ಹರಡು, ಎರಡೂ ಕಡೆಯಿಂದ ಬಿಗಿಯಾಗಿ ಸುರುಳಿ ಸುತ್ತುತ್ತಾ ಬಾ, ಮುಂದೆ ಚೂಪಾಗಲಿ, ಆ ಚೂಪನ್ನು ಹಿಂದಕ್ಕೆ ಮಡಚಿ ಮತ್ತೆ ಮುಂದಕ್ಕೆ ಬಗ್ಗಿಸು, ಕತ್ತು ಬಂತು, ಕೊಕ್ಕು ಬಂತು, ಮುಗೀತು. ಆ ಕೈಗಳಿಗೆ ಅರ್ಧ ನಿಮಿಷ ಸಾಕಾಯಿತು. ನನಗೆ ಮುಕ್ಕಾಲು ಗಂಟೆ. ಹೊಟ್ಟೆ ಬರುತ್ತಿತ್ತು, ಬಾಲ ಬರುತ್ತಿತ್ತು, ಕತ್ತು ಮಾತ್ರ ನಿಲ್ಲುತ್ತಿರಲಿಲ್ಲ. ನಿಲ್ಲಿಸಿ ಕೈ ಬಿಟ್ಟರೆ ಒಂದು ಕ್ಷಣ ನನ್ನನ್ನೇ ನೋಡಿ, ಏನೋ ಕೆಟ್ಟ ಸುದ್ದಿ ಕೇಳಿದ ಹಾಗೆ ಮೆಲ್ಲಗೆ ತಲೆ ತಗ್ಗಿಸಿಬಿಡುತ್ತಿತ್ತು. ಇದರಲ್ಲಿ ಟವೆಲ್ಲಿನ ತಪ್ಪೂ ಇದೆ. ಟವೆಲ್ ಮೆತ್ತಗಾದಷ್ಟೂ ಅತಿಥಿಗೆ ಸುಖ, ಹಂಸಕ್ಕೆ ಕಷ್ಟ. ಕೊನೆಗೆ ಒಳಗೊಂದು ಬಟ್ಟೆ ಕ್ಲಿಪ್ ಸಿಕ್ಕಿಸಿ ಕತ್ತು ನಿಲ್ಲಿಸಿದೆ.

ಮೊದಲ ಅತಿಥಿಗಳ ಜೊತೆ ಒಬ್ಬ ಪುಟ್ಟ ಹುಡುಗ ಇದ್ದ. ರೂಮಿಗೆ ಓಡಿ ಹೋಗಿ ಮಂಚದ ಮುಂದೆ ನಿಂತು ಕೂಗಿದ, "ಅಪ್ಪಾ, ಒಂಟೆ!" ಎರಡನೆಯವರು ನಮಗೇ ಫೋನ್ ಮಾಡಿ, ಆನೆ ತುಂಬಾ ಚೆನ್ನಾಗಿದೆ ಅಂದರು. ಮೂರನೆಯವರು ಏನೂ ಹೇಳಲಿಲ್ಲ, ಹೋಗುವಾಗ ಕ್ಲಿಪ್ಪನ್ನು ನನ್ನ ಕೈಗಿಟ್ಟು, "ಇದು ಟವೆಲ್ ಒಳಗೆ ಸಿಕ್ತು, ಮುಖ ಒರೆಸಿಕೊಳ್ಳುವಾಗ" ಅಂದರು. ಅವರ ಹಣೆ ಕಡೆ ನಾನು ನೋಡಲಿಲ್ಲ.

"ಇನ್ಮೇಲೆ ಹಂಸ ಅಂತ ಹೇಳೋದೇ ಬೇಡ. ಅವರು ಏನಂತಾರೋ ಅದೇ ಅನ್ನಿ" ಅಂತ ಹೆಂಡತಿ ಆಜ್ಞೆ ಹೊರಡಿಸಿದಳು.

ಟವೆಲ್ಲಾದ ಮೇಲೆ ಟಾಯ್ಲೆಟ್ ಪೇಪರ್. ಅದರ ತುದಿಯನ್ನು ತ್ರಿಕೋನವಾಗಿ ಮಡಚಬೇಕಂತೆ. ಸುರುಳಿಯ ತುದಿ ಮುಂದೆ ಇಳಿಯಬೇಕೋ, ಗೋಡೆ ಕಡೆ ಇಳಿಯಬೇಕೋ ಅಂತ ಇಬ್ಬರಿಗೂ ಜಗಳ ಹತ್ತಿತು. ಹುಡುಕಿ ನೋಡಿದರೆ 1891ರಲ್ಲಿ ಅಮೆರಿಕದ ಸೇತ್ ವ್ಹೀಲರ್ ಅನ್ನುವವನು ಈ ಸುರುಳಿಗೆ ಪಡೆದ ಪೇಟೆಂಟಿನ ಚಿತ್ರದಲ್ಲಿ ತುದಿ ಮುಂದೆಯೇ ಇಳಿದಿದೆ. ಹೆಂಡತಿ ಹೇಳಿದ್ದೂ ಅದೇ. ಗೆದ್ದವಳು ಅವಳು, ದಿನಾ ಮಡಚೋದು ನಾನು.

ವೈಫೈ ಪಾಸ್‌ವರ್ಡ್ ಮಾತ್ರ ಪೂರ್ತಿ ನನ್ನ ಇಲಾಖೆ. ಎಂಟು ಅಕ್ಷರ ಇದ್ದರೆ ಸಾಕು ಅನ್ನುತ್ತೆ ನಮ್ಮ ವೈಫೈ. ನಾನು ಭದ್ರತೆಯ ಮನುಷ್ಯ, ಹತ್ತೊಂಬತ್ತು ಅಕ್ಷರದ್ದು ಇಟ್ಟೆ. ಚೀಟಿಯಲ್ಲಿ ನನ್ನದೇ ಕೈಬರಹದಲ್ಲಿ ಬರೆದು ಅಂಟಿಸಿದೆ. ರಾತ್ರಿ ಹನ್ನೊಂದೂವರೆಗೆ ಫೋನು: "ಸಾರ್, ಮೂರನೇದು ಸೊನ್ನೆನಾ, ಓನಾ? ಏಳನೇದು ಒಂದಾ, ಎಲ್ಲಾ?" "ಎಲ್ಲಾ ಅಂದ್ರೆ ಎಲ್ಲವೂನಾ?" ಅಂದೆ ನಾನು. ಹತ್ತು ನಿಮಿಷ ಹೀಗೇ ಹೋಯಿತು. ಸತ್ಯ ಏನೆಂದರೆ ನನಗೂ ನೆನಪಿರಲಿಲ್ಲ. ಈಗ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಅಂಟಿಸಿದ್ದೇನೆ, ಫೋನ್ ಹಿಡಿದರೆ ಸಾಕು. ಇಷ್ಟು ಸುಲಭದ ಕೆಲಸಕ್ಕೆ ಅಷ್ಟು ಜನರ ನಿದ್ದೆ ಕೆಡಿಸಿದೆನಲ್ಲ ಅಂತ ಈಗ ನಾಚಿಕೆಯಾಗುತ್ತದೆ.

ನಾಲ್ಕು ಸ್ಟಾರ್ ಬಿದ್ದ ಸುದ್ದಿ ಕೇಳಿ ನಮ್ಮ ಅಕ್ಕನ ಮಗ ಫೋನ್ ಮಾಡಿದ. ಮನಶ್ಶಾಸ್ತ್ರ ಓದುತ್ತಿದ್ದಾನೆ, ಹಾಗಾಗಿ ಯಾವ ಸಂಕಟಕ್ಕೂ ಅವನ ಹತ್ತಿರ ಒಂದು ಪ್ರಯೋಗ ಇರುತ್ತದೆ. "ಮಾಮಾ, ಡೇನಿಯಲ್ ಕಾನೆಮನ್ ಗೊತ್ತಾ? 2002ರ ನೊಬೆಲ್." ಅವರೂ ಅವರ ಜೊತೆಯವರೂ ಜನರ ಕೈಯನ್ನು 14 ಡಿಗ್ರಿ ಕೊರೆಯುವ ನೀರಿನಲ್ಲಿ ಒಂದು ನಿಮಿಷ ಇಡಿಸಿದರಂತೆ. ಇನ್ನೊಂದು ಸಲ ಅದೇ ಒಂದು ನಿಮಿಷದ ಮೇಲೆ ಮತ್ತೆ ಅರ್ಧ ನಿಮಿಷ, ಆದರೆ ಆ ಅರ್ಧ ನಿಮಿಷದಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೆ ಮಾಡೋದಾದರೆ ಯಾವುದು ಬೇಕು ಅಂತ ಕೇಳಿದರೆ ಹೆಚ್ಚಿನವರು ಉದ್ದದ್ದೇ ಬೇಕು ಅಂದರು. ಕೊನೆ ಸ್ವಲ್ಪ ಹಿತವಾಗಿದ್ದರೆ ಸಾಕು, ಮನಸ್ಸಿನಲ್ಲಿ ಉಳಿಯೋದು ಅದೇ. ಈ ಪ್ರಯೋಗದ ವರದಿ 1993ರಲ್ಲಿ ಬಂತಂತೆ. ನಮ್ಮ ಮಹಡಿಯ ಗೀಸರ್ ಈಗಲೂ ಅದನ್ನು ದಿನಾ ಬೆಳಗ್ಗೆ ನಡೆಸುತ್ತಿದೆ. ಮೈ ಪೂರ್ತಿ ತಣ್ಣೀರಿನಲ್ಲಿ ನೆನೆದ ಮೇಲೆ ಕೊನೆಯ ಚೊಂಬಿಗೆ ಬಿಸಿ ಬರುತ್ತದೆ.

"ನಿಮ್ಮ ಅತಿಥಿಗಳಿಗೆ ಕೊನೆಯಲ್ಲಿ ಏನು ಸಿಗುತ್ತೆ, ಮಾಮಾ?" ಅಂದ ಹುಡುಗ.

ಯೋಚಿಸಿದೆ. ಕೊನೆಯಲ್ಲಿ ಸಿಗೋದು ಬಾಗಿಲಿಗೆ ನಾನು ಅಂಟಿಸಿದ ಚೀಟಿ. ಗೀಸರ್ ಆಫ್ ಮಾಡಿದಿರಾ? ಕಸ ಕೆಳಗೆ ಇಟ್ಟಿರಾ? ಕಿಟಕಿ ಹಾಕಿದಿರಾ? ಕೀ ಮರೆಯಬೇಡಿ. ಅದರ ಕೆಳಗೆ ಒಂದು ನಗುಮುಖ, ಕೆಂಪು ಇಂಕಿನಲ್ಲಿ. ಈಗ ನೋಡಿದರೆ ಅದು ನಗುವ ಹಾಗೆ ಕಾಣೋದಿಲ್ಲ.

"ಒಂದು ರಾತ್ರಿ ನಾವೇ ಮೇಲೆ ಮಲಗಿ ನೋಡೋಣ" ಅಂದಳು ಹೆಂಡತಿ. ಆಗಲೇ ಹೊಳೆದದ್ದು, ಇಷ್ಟು ತಿಂಗಳಿಂದ ಊರಿನವರನ್ನೆಲ್ಲ ಮಲಗಿಸಿದ ಮನೆಯಲ್ಲಿ ನಾವು ಒಂದು ರಾತ್ರಿಯೂ ಮಲಗಿರಲಿಲ್ಲ.

ನಿನ್ನೆ ರಾತ್ರಿ ಚಾಪೆ, ದಿಂಬು ಏನೂ ಒಯ್ಯದೆ, ಅತಿಥಿಗಳ ಹಾಗೇ ಹೋದೆವು. ಹಂಸದ ಜೊತೆ ಫೋಟೋ ತೆಗೆದುಕೊಂಡೆವು. ಅಲ್ಲಿಗೆ ಸಂತೋಷ ಮುಗಿಯಿತು. ಲೈಟಿನ ಸ್ವಿಚ್ ಬಾಗಿಲ ಹತ್ತಿರ, ಮಂಚ ಎದುರು ಗೋಡೆಗೆ. ಲೈಟ್ ಆರಿಸಿ ಕತ್ತಲಲ್ಲಿ ನಡೆದು ಬಂದು ಮಂಚದ ಕಾಲಿಗೆ ಕಿರುಬೆರಳು ಬಡಿಸಿಕೊಂಡೆ. ಚಾರ್ಜರ್ ಹಾಕೋ ಪ್ಲಗ್ ಬೀರುವಿನ ಹಿಂದೆ ಇದೆ. ಕನ್ನಡಕ ಇಡೋಕೆ ಜಾಗ ಇಲ್ಲದೆ ಎದೆಯ ಮೇಲೇ ಇಟ್ಟುಕೊಂಡೆ. ಗೋಡೆ ಗಡಿಯಾರ ಹಗಲು ಮೂಕ, ರಾತ್ರಿ ಸುತ್ತಿಗೆ. ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಹಂಸವನ್ನು ಕೈಯಲ್ಲಿ ಹಿಡಿದು ನಾಲ್ಕೂ ಗೋಡೆ ನೋಡಿದೆ. ಎಲ್ಲ ಕಡೆ ನುಣ್ಣನೆ ಟೈಲ್ಸ್, ನನ್ನದೇ ಆಯ್ಕೆ. ಕೊನೆಗೆ ಬಾಗಿಲ ಮೇಲೆ ಹಾಕಿದೆ, ಬಾಗಿಲು ಮುಚ್ಚಲಿಲ್ಲ.

ಆದರೆ ನಡುವೆ ಒಮ್ಮೆ, ರಾತ್ರಿ ಎರಡು ಗಂಟೆ ಹೊತ್ತಿಗೆ ಬಾಯಾರಿಕೆಯಾಗಿ ಎಚ್ಚರವಾಗಿತ್ತು. ಸುತ್ತ ತಡಕಾಡಿದೆ, ನೀರಿಲ್ಲ. ಅಡುಗೆಮನೆ ಎಲ್ಲಿದೆ ಅಂತ ಗೊತ್ತಿದ್ದ ನನಗೇ ಏಳೋಕೆ ಬೇಜಾರಾಯಿತು. ಸುಮ್ನೆ ಬಿದ್ದುಕೊಂಡಿದ್ದಾಗ ಅಮ್ಮ ನೆನಪಾದಳು. ಮನೆಗೆ ಯಾರೇ ಬಂದು ಉಳಿದರೂ ದೀಪ ಆರಿಸುವ ಮುಂಚೆ ಅವರ ತಲೆದೆಸೆಯಲ್ಲಿ ಒಂದು ಚೊಂಬು ನೀರು ಇಟ್ಟು, ಮೇಲೆ ಲೋಟ ಬೋರಲು ಹಾಕುತ್ತಿದ್ದಳು. ಬಚ್ಚಲ ಸ್ವಿಚ್ ಯಾವ ಕಡೆ ಅಂತ ಕೈ ಹಿಡಿದು ತೋರಿಸುತ್ತಿದ್ದಳು. ಗೋಡೆಯ ಮೊಳೆಯಿಂದ ಅಪ್ಪನ ಅಂಗಿ ತೆಗೆದು, ಬಂದವರ ಟವೆಲ್ಲಿಗೆ ಜಾಗ ಮಾಡಿಕೊಡುತ್ತಿದ್ದಳು. ಅಪ್ಪ ಗೊಣಗುತ್ತಿದ್ದರು. ಅಂಗಿ ಎರಡು ದಿನ ಕುರ್ಚಿಯ ಮೇಲೆ ಇರುತ್ತಿತ್ತು.

"ಏನ್ರೀ, ನಿದ್ದೆ ಬರ್ಲಿಲ್ವಾ?" ಅಂದಳು ಹೆಂಡತಿ. ಗಡಿಯಾರದ ಸದ್ದು ಅಂದೆ.

ಇವತ್ತು ಬೆಳಗ್ಗೆಯೇ ಕೆಲಸ ಹಿಡಿದೆ. ಗಡಿಯಾರವನ್ನು ಹಾಲಿಗೆ ಸಾಗಿಸಿದ್ದಾಯಿತು. ಬೀರು ಸರಿಸಿದ್ದಾಯಿತು. ಮಂಚದ ಪಕ್ಕಕ್ಕೆ ಒಂದು ಸ್ಟೂಲು, ಅದರ ಮೇಲೆ ನೀರಿನ ಜಗ್ಗು, ಬೋರಲು ಲೋಟ, ಒಂದು ಪುಟ್ಟ ಲೈಟು. ಬಾಗಿಲ ಚೀಟಿ ಹರಿದು ಹಾಕಿದೆ. ಗೀಸರ್ ನಾವೇ ಆರಿಸಿಕೊಂಡರಾಯಿತು, ಹೇಗೂ ಅದಕ್ಕೂ ಬಿಸಿಗೂ ಅಷ್ಟೇನೂ ಸಂಬಂಧ ಇಲ್ಲ. ರಿಪೇರಿಯವರು ನಾಳೆ ಬರ್ತೀನಿ ಅಂದಿದ್ದಾರೆ. ಅವರ ನಾಳೆ ಎಂದು ಅಂತ ನೋಡಬೇಕು.

ಹುಕ್ ಹಾಕೋಕೆ ಡ್ರಿಲ್ ಹಿಡಿದೆ, ಟೈಲ್ಸ್ ಬಿರುಕು ಬಿಟ್ಟಿತು. ಹೆಂಡತಿ ಏನೂ ಅನ್ನಲಿಲ್ಲ, ಆ ಬಿರುಕಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿದಳು. ಸ್ನಾನ ಮಾಡುವಾಗ ವೈಫೈ ಯಾರಿಗೆ ಬೇಕು ಅಂತ ಕೇಳೋ ಧೈರ್ಯ ನನಗಿರಲಿಲ್ಲ. ಕೊನೆಗೆ ಬಾಗಿಲ ಹಿಂದೆ, ಮರಕ್ಕೆ ಸ್ಕ್ರೂ ತಿರುಗಿಸಿ ಎರಡು ಗಟ್ಟಿ ಹುಕ್ಕು ಹಾಕಿದೆ. ಜೋತುಬಿದ್ದು ನೋಡೋಣ ಅನ್ನಿಸಿತು, ವಯಸ್ಸು ನೆನಪಾಗಿ ಬಿಟ್ಟೆ.

ಸಂಜೆ ಹೊಸ ಅತಿಥಿಗಳು ಬರ್ತಾರೆ. ಹಂಸ ಮಾಡೋಣವೋ ಬೇಡವೋ ಅಂತ ಕೇಳೋಕೆ ಮೇಲೆ ಹೋದೆ. ಹೆಂಡತಿ ಆಗಲೇ ತಾನೇ ಮಾಡಿ, ಮಂಚದ ಮೇಲೆ ಕೂರಿಸದೆ, ಕೊಕ್ಕಿನಿಂದ ಎತ್ತಿ ಬಾತ್‌ರೂಮಿನ ಹೊಸ ಹುಕ್ಕಿಗೆ ಸಿಕ್ಕಿಸಿದ್ದಳು.

ಕತ್ತು ನೆಟ್ಟಗೆ ನಿಂತಿತ್ತು. ಕ್ಲಿಪ್ಪೂ ಇರಲಿಲ್ಲ.