ಥರ್ಮಾಕೋಲ್ ಅಂದ್ರೆ ಕೋಳಿಗೆ ಪ್ರಾಣ

ಜೋಳದ ನುಚ್ಚು ಹಾಕಿದರೆ ಅರ್ಧ ಕೆದಕಿ ಚೆಲ್ಲುತ್ತವೆ. ತೌಡು ಕಲಸಿಟ್ಟರೆ ಅದರ ಮೇಲೆ ನಿಂತುಕೊಳ್ಳುತ್ತವೆ. ಗೂಡಿನ ಗೋಡೆಗೆ ಥರ್ಮಾಕೋಲ್ ಅಂಟಿಸಿ ನೋಡಿ, ಆಮೇಲೆ ಬೇರೇನೂ ಬೇಡ. ಇದು ನಮ್ಮನೆ ಕೋಳಿಗಳ ವಿಶೇಷ ಅಂದುಕೊಳ್ಳಬೇಡಿ. ನಾಟಿ ಕೋಳಿಯೂ ಅಷ್ಟೆ, ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜವೂ ಅಷ್ಟೆ, ಥರ್ಮಾಕೋಲ್ ವಿಷಯದಲ್ಲಿ ಜಾತಿಭೇದ ಇಲ್ಲ.

ಕೋಳಿ ಗೂಡಿಗೆ ಥರ್ಮಾಕೋಲ್ ಯಾಕೆ ಬಂತು ಅಂತ ಕೇಳಬಹುದು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಹೊಡೆಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಮನುಷ್ಯರೇ ಒಲೆ ಬುಡ ಬಿಟ್ಟು ಏಳುವುದಿಲ್ಲ. ಅಂಥದ್ದರಲ್ಲಿ ಬೆಂಗಳೂರಿನಿಂದ ಬಂದ ಮೈದುನನಿಗೆ ಕೋಳಿಗಳ ಮೇಲೆ ಕನಿಕರ ಹುಟ್ಟಿತು. ಹಿಮ ಬೀಳುವ ದೇಶದವರು ಕೋಳಿ ಗೂಡನ್ನು ಬೆಚ್ಚಗಿಡುವ ವಿಡಿಯೋ ಅವನ ಮೊಬೈಲಿನಲ್ಲಿತ್ತು. ಮೀನಿನ ಅಂಗಡಿಯಲ್ಲಿ ಥರ್ಮಾಕೋಲ್ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು, ಮಂಗಳೂರಿನಿಂದ ಐಸ್ ತುಂಬಿಕೊಂಡು ಸಂಪಾಜೆ ಘಾಟಿ ಹತ್ತಿ ಬರುತ್ತವಲ್ಲ, ಅವೇ. ತಂದ, ಕೊಯ್ದ, ತಗಡಿನ ಗೋಡೆಗೆ ಒಳಗಿನಿಂದ ಅಂಟಿಸಿದ, ಫೋಟೋ ತೆಗೆದ, ಬಸ್ಸು ಹತ್ತಿದ.

ಮೊದಲು ಕೆಂಪು ಹ್ಯಾಟೆ ಹತ್ತಿರ ಬಂತು. ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಗೋಡೆಯನ್ನು ದಿಟ್ಟಿಸಿತು. ಟಕ್. ಕಿರ್ ಅಂತ ಸದ್ದಾಗಿ ಒಂದು ಬಿಳಿ ಗುಂಡು ಕಿತ್ತು ಬಂತು, ಕೊಕ್ಕಿನ ತುದಿಗೇ ಅಂಟಿಕೊಂಡಿತು. ತಲೆ ಕೊಡವಿತು, ನುಂಗಿತು, ಮತ್ತೆ ಟಕ್. ಅಷ್ಟೇ ಸಾಕಾಯಿತು, ಉಳಿದವೆಲ್ಲ ಎಲ್ಲಿದ್ದವೋ ಓಡಿ ಬಂದವು. ಸಂಜೆ ಹೊತ್ತಿಗೆ ಕೂರುವ ಕೋಲಿನ ಪಕ್ಕದಲ್ಲಿ ಕೋಳಿ ತಲೆ ಹಿಡಿಸುವಷ್ಟು ತೂತು. ಮಾರನೇ ದಿನ ಹಿಕ್ಕೆಯಲ್ಲೂ ಬಿಳಿ ಗುಂಡು.

ರುಚಿಗಾಗಿ ತಿನ್ನುತ್ತವೆ ಅನ್ನುವ ಹಾಗಿಲ್ಲ, ಕೋಳಿಗೆ ನಾಲಿಗೆ ರುಚಿ ನಮಗಿಂತ ಬಹಳ ಕಡಿಮೆ. ಅದು ಲೋಕವನ್ನು ಕೊಕ್ಕಿನಿಂದಲೇ ಮುಟ್ಟಿ ನೋಡುವ ಪ್ರಾಣಿ. ಕುಕ್ಕಿದ್ದು ಮೆತ್ತಗೆ ಬಿಟ್ಟುಕೊಟ್ಟರೆ, ಕಾಳಿನ ಗಾತ್ರದಲ್ಲಿ ಉದುರಿದರೆ, ಇನ್ನೇನು ಬೇಕು? ಹಲ್ಲಿಲ್ಲದ್ದರಿಂದ ಸಣ್ಣ ಕಲ್ಲು ನುಂಗಿ ಹೊಟ್ಟೆಯಲ್ಲೇ ಕಾಳು ಅರೆದುಕೊಳ್ಳುತ್ತದೆ, ಹಾಗಾಗಿ ತಿನ್ನಲಾಗದ್ದನ್ನು ನುಂಗುವುದು ಅದಕ್ಕೆ ಹೊಸದೇನಲ್ಲ. ಆದರೆ ಕಲ್ಲು ಅರೆಯುತ್ತದೆ, ಥರ್ಮಾಕೋಲ್ ಸುಮ್ನೆ ಜಾಗ ಹಿಡಿಯುತ್ತದೆ. ನೂರಕ್ಕೆ 98 ಪಾಲು ಗಾಳಿ. ಸ್ವಲ್ಪ ತಿಂದರೆ ಹಾಗೇ ಹೊರಗೆ ಹೋಗಬಹುದು. ಜಾಸ್ತಿ ಆದರೆ ಕುತ್ತಿಗೆ ಕೆಳಗಿನ ಮೇವಿನ ಚೀಲ ಕಟ್ಟಿಕೊಂಡು ಕೋಳಿ ತೂಕಡಿಸುತ್ತಾ ಮೂಲೆ ಹಿಡಿಯುತ್ತದೆ.

ಅತ್ತೆ ಗಾಂಧಾರಿ ಮೆಣಸು ಅರೆದು ಥರ್ಮಾಕೋಲಿಗೆ ಬಳಿದರು. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರಲ್ಲ, ಇಲ್ಲಿ ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ಅತ್ತೆಯ ಕೈ ರಾತ್ರಿಯೆಲ್ಲಾ ಉರಿಯಿತು, ಕೋಳಿಗಳು ಬಳಿದ ಜಾಗವನ್ನೇ ಹುಡುಕಿ ಕುಕ್ಕಿದವು. ಮೆಣಸಿನ ಖಾರ ಹಕ್ಕಿಗಳಿಗೆ ತಗಲುವುದೇ ಇಲ್ಲ, ಉರಿಯುವುದು ನಮಗೆ, ನಾಯಿಗೆ, ಇಲಿಗೆ. ಯಾರೂ ನೆಡದಿದ್ದರೂ ಕಾಫಿ ತೋಟದ ನೆರಳಲ್ಲಿ ಗಾಂಧಾರಿ ಗಿಡ ಏಳುವುದು ಹೇಗೆ? ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿಯೇ ಅಲ್ವಾ. ಕೋಳಿಯೂ ಹಕ್ಕಿ ಅನ್ನುವುದು ಸಾರು ಮಾಡುವವರಿಗೆ ಮರೆತು ಹೋಗಿರುತ್ತದೆ.

ಪೇಂಟ್ ಹೊಡೆದರೆ ಪೇಂಟನ್ನೂ ತಿನ್ನುತ್ತವೆ. ಕಾಫಿ ಗೋಣಿ ಹೊದೆಸಿದರೆ ದಾರ ಎಳೆದು ನುಂಗುತ್ತವೆ, ಉದ್ದ ದಾರ ಥರ್ಮಾಕೋಲಿಗಿಂತ ಕೆಟ್ಟದ್ದು, ಒಳಗೆ ಸುತ್ತಿಕೊಳ್ಳುತ್ತದೆ. ಕೋಳಿ ಜಾಲರಿ ಹೊಡೆದರೆ ಅದರ ತೂತಿನಲ್ಲಿ ಕೊಕ್ಕು ತೂರಿಸುತ್ತವೆ. ಕೊನೆಗೆ ಕೆಲಸಕ್ಕೆ ಬರುವುದು ಹಲಗೆ ಇಲ್ಲವೇ ತಗಡು, ಅದೂ ಬಿಳಿ ಎಲ್ಲೂ ಇಣುಕದ ಹಾಗೆ, ಮೂಲೆ, ಅಂಚು, ಬಾಗಿಲ ಸಂದು ಎಲ್ಲಾ ಮುಚ್ಚಿ. ಒಂದು ಬೆರಳಗಲ ಬಿಟ್ಟರೆ ಅಲ್ಲಿಂದಲೇ ಶುರು. ಅಗ್ಗದ ಪ್ಲೈವುಡ್ ನಮ್ಮ ಮಳೆಗೆ ಉಬ್ಬಿ ಬಿಚ್ಚಿಕೊಳ್ಳುತ್ತದೆ, ಸಿಲ್ವರ್ ಓಕ್ ಹಲಗೆ ಎಷ್ಟೋ ವಾಸಿ. ಆದರೆ ಮುಚ್ಚಿದ ಮೇಲೆ ಒಳಗೆ ಇಲಿ, ಇರುವೆ ಸಂಸಾರ ಹೂಡುತ್ತವೆ. ಇಲಿ ಬಂದರೆ ಕೇರೆ ಹಾವು ಬರುತ್ತದೆ, ಬಂದದ್ದು ಮೊಟ್ಟೆಯನ್ನೂ ನೋಡಿಕೊಂಡು ಹೋಗುತ್ತದೆ.

ನನ್ನನ್ನು ಕೇಳಿದರೆ ಕೊಡಗಿನ ಕೋಳಿಗೆ ಇದರ ಗೊಡವೆಯೇ ಬೇಡ. ಕೋಳಿಯ ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮಗೆ ಅಷ್ಟಿದ್ದರೆ ಆಸ್ಪತ್ರೆಯಲ್ಲಿರುತ್ತೇವೆ. ಮೇಲಿಂದ ಪುಕ್ಕದ ಹೊದಿಕೆ ಬೇರೆ, ಚಳಿಗೆ ಉಬ್ಬಿಸಿಕೊಂಡರೆ ಮುಗಿಯಿತು. ಅದನ್ನು ಸೋಲಿಸುವುದು ಚಳಿಯಲ್ಲ, ಒದ್ದೆ. ಗಾಳಿಯಾಡದಂತೆ ಮುಚ್ಚಿದ ಗೂಡಿನಲ್ಲಿ ಕೋಳಿಗಳ ಉಸಿರೇ ತಗಡಿಗೆ ತಾಗಿ ಹನಿಯಾಗಿ ಬೀಳುತ್ತದೆ, ಹಾಸಿದ ಹೊಟ್ಟು ನೆನೆಯುತ್ತದೆ, ಬೆಳಿಗ್ಗೆ ಬಾಗಿಲು ತೆಗೆದರೆ ಅಮೋನಿಯಾ ಘಾಟು ಮೂಗಿಗೆ ಹೊಡೆಯುತ್ತದೆ. ಎರಚಲು ಬರುವ ದಿಕ್ಕಿಗೆ ಒಂದು ಅಡ್ಡ ತಗಡು, ಕೂತ ಕೋಳಿಯ ತಲೆಗಿಂತ ಮೇಲೆ ಸೂರಿನ ಕೆಳಗೆ ಗಾಳಿಗೊಂದು ಸಂದು, ನೆಲಕ್ಕೆ ಒಣ ಭತ್ತದ ಹೊಟ್ಟು. ಇಷ್ಟು ಸಾಕು.

ಇನ್ನೊಂದಿದೆ, ಬೇಜಾರು. ದಿನವಿಡೀ ಕೆದಕಿ ಬದುಕುವ ಪ್ರಾಣಿಯನ್ನು ಮಳೆಯ ನೆಪದಲ್ಲಿ ಕೂಡಿಹಾಕಿದರೆ ಕೊಕ್ಕಿಗೆ ಕೆಲಸ ಬೇಡವೇ? ಥರ್ಮಾಕೋಲ್ ಸಿಗದಿದ್ದರೆ ಒಂದರ ಪುಕ್ಕ ಇನ್ನೊಂದು ಕೀಳುತ್ತದೆ. ಸೊಪ್ಪಿನ ಕಟ್ಟನ್ನೋ ಅರ್ಧ ಪಪ್ಪಾಯಿಯನ್ನೋ ಕತ್ತು ಎತ್ತಿದರೆ ಮಾತ್ರ ಸಿಗುವಷ್ಟು ಎತ್ತರದಲ್ಲಿ ನೇತು ಹಾಕಿದರೆ ಒಂದು ಹೊತ್ತು ಕಳೆಯುತ್ತದೆ.

ಉಳಿದ ಥರ್ಮಾಕೋಲನ್ನು ನಮ್ಮ ಯಜಮಾನರು ಕಿತ್ತು ಅಟ್ಟಕ್ಕೆ ಹಾಕಿದರು. ಉದುರಿದ ಗುಂಡುಗಳನ್ನು ಆರಿಸುವುದೇ ದೊಡ್ಡ ಕೆಲಸ, ಬಿಟ್ಟರೆ ಚರಂಡಿ ನೀರಲ್ಲಿ ತೇಲಿ ತೋಡಿಗೆ, ತೋಡಿನಿಂದ ಕಾವೇರಿಗೆ. ಮೈದುನ ಫೋನ್ ಮಾಡಿ "ಅತ್ತಿಗೆ, ಕೋಳಿಗಳು ಬೆಚ್ಚಗಿದ್ದಾವಾ?" ಅಂತ ಕೇಳಿದ. ಇದ್ದಾವೆ ಅಂದೆ. ಆ ಹೊತ್ತಿಗೆ ಅವು ಶೆಡ್ಡಿನಲ್ಲಿ ಅವನ ಹಳೇ ಸ್ಕೂಟರ್ ಮೇಲೆ ಸಾಲಾಗಿ ಕೂತು ಹರಿದ ಸೀಟಿನಿಂದ ಸ್ಪಂಜ್ ಕೀಳುತ್ತಿದ್ದವು.