ಹಿಂದಿನ ಸೀಟಿನ ತಲೆ

ಕೇರಳದ ಕಾಸರಗೋಡು ಕಡೆಯ ನಮ್ಮ ಊರಲ್ಲಿ ಬೈಕ್ ಇರುವ ಯಾವುದೇ ಮನೆಗೆ ಹೋಗಿ, ಜಗಲಿಯಲ್ಲಿ ಎರಡು ಹೆಲ್ಮೆಟ್ ಇರುತ್ತವೆ. ಒಂದು ಒಳ್ಳೆಯ ಕಂಪನಿಯದ್ದು, ಮುಖ ಪೂರ್ತಿ ಮುಚ್ಚುವಂಥದ್ದು. ಮನೆಯ ಗಂಡಸು ಮಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಹತ್ತು ಸಲ ಹಾಕಿ ತೆಗೆದು ಆರಿಸಿ ತಂದದ್ದು. ಇನ್ನೊಂದು ಚಟ್ಟಿ ಹೆಲ್ಮೆಟ್, ಅಂದರೆ ತಲೆಯ ಮೇಲ್ಭಾಗ ಮಾತ್ರ ಮುಚ್ಚುವ, ಟೊಪ್ಪಿಯಂಥದ್ದು. ಅದು ಹಿಂದೆ ಕೂರುವವರಿಗೆ. ಅಮ್ಮ, ಹೆಂಡತಿ, ಕಾಲೇಜಿಗೆ ಹೋಗುವ ತಂಗಿ, ಬಸ್ ತಪ್ಪಿಸಿಕೊಂಡ ಪಕ್ಕದ ಮನೆಯ ಅಕ್ಕ, ಎಲ್ಲರಿಗೂ ಅದೇ ಒಂದು. ಅಳತೆ ಕೇಳಿದವರಿಲ್ಲ, ಪಟ್ಟಿಯ ಕೊಂಡಿ ಸರಿ ಇದೆಯಾ ನೋಡಿದವರಿಲ್ಲ.

ಇದು ಹೇಗೆ ಶುರುವಾಯಿತು ಅಂತ ನಮಗೆಲ್ಲ ಗೊತ್ತು. ಕೇರಳದಲ್ಲಿ 2019ರ ಡಿಸೆಂಬರ್ 1ರಿಂದ ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. 2023ರ ಜೂನ್‌ನಲ್ಲಿ, ಹೆಲ್ಮೆಟ್ ಇಲ್ಲದವರನ್ನು ತಾವೇ ಗುರುತಿಸುವ ಎಐ ಕ್ಯಾಮರಾಗಳು ದಂಡ ಹಾಕಲು ಶುರು ಮಾಡಿದವು. ಕೇಂದ್ರದ ಕಾನೂನಿನಲ್ಲಿ 1000 ರೂಪಾಯಿ ಇದ್ದ ದಂಡವನ್ನು ನಮ್ಮ ರಾಜ್ಯ 500ಕ್ಕೆ ಇಳಿಸಿತ್ತು. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಹೆಲ್ಮೆಟ್ ಅದಕ್ಕಿಂತ ಅಗ್ಗ. ಲೆಕ್ಕ ಸರಿಹೋಯಿತು. ಕ್ಯಾಮರಾಕ್ಕೆ ತಲೆಯ ಮೇಲೆ ಏನೋ ಒಂದು ಉರುಟಾಗಿ ಕಂಡರೆ ಸಾಕು ಅಂತ ಜನ ಅಂದುಕೊಂಡರು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದ ಮೇಲೆ ಅದೂ ಕೆಲವರ ತಲೆಯಿಂದ ಇಳಿದು ಕೈಗೆ ಬರುತ್ತದೆ. ಅಲ್ಲೂ ದಂಡ 500ರೂಪಾಯಿಯೇ, ಅಲ್ಲಿಯ ಡಾಂಬರೂ ಇಷ್ಟೇ ಗಟ್ಟಿ.

ನನ್ನ ತಕರಾರು ಇಷ್ಟೇ. ಹಿಂದೆ ಕೂತವರ ತಲೆಗೆ ಅಪಾಯ ಒಂದು ತೂಕ ಜಾಸ್ತಿಯೇ ಇದೆ. ಓಡಿಸುವವನ ಕೈಯಲ್ಲಿ ಹ್ಯಾಂಡಲ್ ಇರುತ್ತದೆ. ಎದುರಿನ ಗುಂಡಿ ಕಾಣುತ್ತದೆ, ಬ್ರೇಕ್ ಯಾವಾಗ ಹಾಕುತ್ತೇನೆ ಅಂತ ಅವನಿಗೆ ಮೊದಲೇ ಗೊತ್ತು. ಹಿಂದಿನವರಿಗೆ ಇದ್ಯಾವುದೂ ಇಲ್ಲ. ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಚೀಲ, ಮಳೆ ಬಂದರೆ ಇನ್ನೊಂದು ಕೈಯಲ್ಲಿ ಬಿಡಿಸಿದ ಕೊಡೆ. ಹಂಪ್ ಹಾರಿದಾಗ ಹಿಂದಕ್ಕೆ ಬಿದ್ದರೆ ಮೊದಲು ನೆಲಕ್ಕೆ ತಾಗುವುದು ತಲೆಯ ಹಿಂಭಾಗ. ಚಟ್ಟಿ ಹೆಲ್ಮೆಟ್ ಮುಚ್ಚದೆ ಬಿಡುವ ಜಾಗ ಕೂಡ ಅದೇ.

"ಇಲ್ಲೇ ಬದಿಯಡ್ಕಕ್ಕೆ ಅಲ್ವಾ, ನಿಧಾನ ಹೋಗುವುದು" ಅನ್ನುವವರಿಗೆ ಒಂದು ಲೆಕ್ಕ. ಒಂದೂವರೆ ಮೀಟರಿಗಿಂತ ಸ್ವಲ್ಪ ಎತ್ತರದಿಂದ ತಲೆ ನೆಲಕ್ಕೆ ಬಿದ್ದರೆ, ತಾಗುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಬೈಕ್ ನಿಂತೇ ಇದ್ದರೂ ಅಷ್ಟೇ. ಯುರೋಪಿನ ಹಳೆಯ ಮಾನದಂಡವಾದ ಇಸಿಇ 22.05ರಲ್ಲಿ ಹೆಲ್ಮೆಟನ್ನು ಕಬ್ಬಿಣದ ದಿಮ್ಮಿಗೆ ಬಡಿಯುತ್ತಿದ್ದ ವೇಗ ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್. ಇಷ್ಟೇನಾ ಅನಿಸಬಹುದು. ಆದರೆ ತಲೆಯನ್ನು ನೆಲಕ್ಕೆ ಅಪ್ಪಳಿಸುವುದು ಹೆಚ್ಚಾಗಿ ಬೀಳುವ ಎತ್ತರ, ಸ್ಪೀಡೋಮೀಟರ್ ಅಲ್ಲ. ಹಾಗಾಗಿ "ನಿಧಾನ ಹೋಗುತ್ತೇನೆ" ಅನ್ನುವುದು ಹೆಲ್ಮೆಟ್ ಬಿಡಲು ಕಾರಣವೇ ಅಲ್ಲ.

ಹೆಲ್ಮೆಟಿನ ಒಳಗೆ ಕೆಲಸ ಮಾಡುವುದು ಯಾವುದು ಅಂತ ಕೇಳಿದರೆ ಹೆಚ್ಚಿನವರು ಹೊರಗಿನ ಗಟ್ಟಿ ಚಿಪ್ಪನ್ನು ಬೆರಳಿನಿಂದ ಬಡಿದು ತೋರಿಸುತ್ತಾರೆ. ಅಂಗಡಿಯವರೂ ಹಾಗೆಯೇ ಬಡಿದು ತೋರಿಸಿ ಮಾರುತ್ತಾರೆ. ಅಸಲು ಕೆಲಸ ಒಳಗಿನ ಥರ್ಮೋಕೋಲಿನದ್ದು. ತೆಂಗಿನಕಾಯಿ ಮರದಿಂದ ಬಿದ್ದರೂ ಗೆರಟೆ ಒಡೆಯುವುದಿಲ್ಲ, ಸಿಪ್ಪೆ ಇರುತ್ತದೆ. ಅದೇ ಸುಲಿದ ಕಾಯಿಯನ್ನು ಸೊಂಟದೆತ್ತರದಿಂದ ಕಲ್ಲಿಗೆ ಬಿಡಿ ನೋಡೋಣ. ಥರ್ಮೋಕೋಲ್ ಒಂದು ಸಲ ಜಜ್ಜಿಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದಕ್ಕೇ ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಎಷ್ಟು ಚಂದ ಕಂಡರೂ ಎಸೆಯಬೇಕು. ಚಟ್ಟಿ ಹೆಲ್ಮೆಟ್ ಕೈಗೆತ್ತಿಕೊಂಡು ಒಳಗಿನ ಬಟ್ಟೆ ಸರಿಸಿ ನೋಡಿ. ಎಷ್ಟೋ ಸಲ ಅಲ್ಲಿ ಥರ್ಮೋಕೋಲೇ ಇರುವುದಿಲ್ಲ, ಬರೀ ತೆಳು ಸ್ಪಂಜು. ಅದನ್ನು ಹೆಲ್ಮೆಟ್ ಅನ್ನಲು ನಾನು ಸಿದ್ಧನಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾಡುವಂತಿಲ್ಲ, ಮಾರುವಂತಿಲ್ಲ. ಮಾನದಂಡದ ಸಂಖ್ಯೆ ಐಎಸ್ 4151. ಗುರುತಿನ ಮೇಲೆ ಈ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಸ್ಟಿಕರ್ ಅಂಟಿಸುವುದು ದೊಡ್ಡ ಕೆಲಸವಲ್ಲ, ಆದ್ದರಿಂದ ಸ್ಟಿಕರ್ ನೋಡಿ ನಂಬಬೇಡಿ. ಫೋನಿನಲ್ಲಿ, ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆಪ್ ಹಾಕಿಕೊಂಡು ಆ ನಂಬರ್ ಹಾಕಿ. ಯಾವ ಕಂಪನಿಯದ್ದು, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ.

ಇನ್ನು ಇಸಿಇ, ಡಾಟ್ ಅಂತ ಹುಡುಗರು ಚರ್ಚೆ ಮಾಡುತ್ತಾರೆ. ಈಗಿನ ಇಸಿಇ 22.06 ನಿಜಕ್ಕೂ ಒಳ್ಳೆಯದು. ಓರೆಯಾಗಿ ತಾಗಿದಾಗ ತಲೆ ತಿರುಚುವ ಪೆಟ್ಟನ್ನೂ ಅದರಲ್ಲಿ ಪರೀಕ್ಷಿಸುತ್ತಾರೆ. ಅಮೆರಿಕದ ಡಾಟ್ ಗುರುತನ್ನು ಮಾತ್ರ ತಯಾರಿಸುವ ಕಂಪನಿ ತಾನೇ ಹಾಕಿಕೊಳ್ಳುತ್ತದೆ, ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಕೆಲವನ್ನು ತಂದು ಪರೀಕ್ಷಿಸುತ್ತದೆ. ನಮ್ಮಲ್ಲಿ ಅಗ್ಗದ ಮಾಲಿನ ಮೇಲೆ ಡಾಟ್ ಸ್ಟಿಕರ್ ಕಂಡರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಹತ್ತು ಸಾವಿರದ ಒಂದು ಹೆಲ್ಮೆಟ್ ಮುಂದೆ, ಚಟ್ಟಿ ಹಿಂದೆ ಅನ್ನುವುದಕ್ಕಿಂತ ಎರಡು ತಲೆಗೂ ಸರಿಯಾದ ಐಎಸ್‌ಐ ಹೆಲ್ಮೆಟ್ ತೆಗೆದುಕೊಳ್ಳುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಸಾವಿರ, ಸಾವಿರದ ಐನೂರಕ್ಕೆ ಒಳ್ಳೆಯದೇ ಸಿಗುತ್ತದೆ.

ಆದರೆ ಗುರುತಿಗಿಂತ ಜಾಸ್ತಿ ತಪ್ಪುವುದು ಅಳತೆಯಲ್ಲಿ. ದರ್ಜಿಯ ಟೇಪನ್ನು ಹುಬ್ಬಿನ ಸ್ವಲ್ಪ ಮೇಲೆ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗದಲ್ಲಿ ಸುತ್ತಿ ನೋಡಿ. ನಮ್ಮ ಹಲವು ಕಂಪನಿಗಳ ಮೀಡಿಯಂ ಅಂದರೆ 58 ಸೆಂಟಿಮೀಟರ್, ಲಾರ್ಜ್ ಅಂದರೆ 60. ಹೆಂಗಸರ ತಲೆ ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಗಂಡನ ಹಳೆಯ ಲಾರ್ಜ್ ಹೆಂಡತಿಗೆ ಕೊಟ್ಟರೆ ಬೀಳುವಾಗ ತಲೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ. ಹಾಕಿದಾಗ ಕೆನ್ನೆ ಒತ್ತಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ಬರಬೇಕು. ಪಟ್ಟಿ ಕಟ್ಟಿ, ಹಿಂದಿನಿಂದ ಮೇಲಕ್ಕೆ ಎತ್ತಿ ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ಆ ಹೆಲ್ಮೆಟ್ ಬೇಡ. ಅದಕ್ಕೇ ಕೊಳ್ಳುವಾಗ ಹಾಕುವವರನ್ನೇ ಅಂಗಡಿಗೆ ಕರಕೊಂಡು ಹೋಗಿ. ಅಮ್ಮನಿಗೆ ಚಪ್ಪಲಿ ತರುವಾಗ ಅಳತೆ ಕೇಳುತ್ತೇವೆ, ಅಲ್ವಾ?

ಕೂದಲಿನ ವಿಷಯ ಗಂಡಸರಿಗೆ ಹೊಳೆಯುವುದೇ ಇಲ್ಲ. ಎತ್ತಿ ಕಟ್ಟಿದ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಮೇಲಕ್ಕೆ ನಿಲ್ಲುತ್ತದೆ, ಹಣೆ ಬಯಲು. ಕುತ್ತಿಗೆಯ ಹತ್ತಿರ ಕೆಳಗೆ ಜಡೆ ಹಾಕಿಕೊಂಡರೆ ಸರಿ. ದೊಡ್ಡ ಕ್ಲಿಪ್ಪು, ಹೇರ್‌ಪಿನ್ನು ಒಳಗೆ ಇರಬಾರದು, ಬಿದ್ದಾಗ ಅದೇ ಚುಚ್ಚುತ್ತದೆ. ತಲೆಗೆ ಶಾಲು ಹಾಕುವವರು ತೆಳುವಾದ ಬಟ್ಟೆಯಾದರೆ ಅದರ ಮೇಲೆಯೇ ಹಾಕಬಹುದು, ಪಿನ್ನು ಮಾತ್ರ ಪಕ್ಕಕ್ಕೆ ಬೇಡ. ಅಳತೆ ನೋಡುವಾಗಲೂ ಶಾಲು ಹಾಕಿಕೊಂಡೇ ನೋಡಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಬಗ್ಗೆ ಬರೆಯಲು ಹೋದರೆ ನನಗೆ ಸಿಟ್ಟು ಬರುತ್ತದೆ, ಬಿಡಿ.

ಮುಖ ಮುಚ್ಚುವುದು ಬೇಡ, ಉಸಿರು ಕಟ್ಟುತ್ತದೆ, ವಾಂತಿ ಬಂದ ಹಾಗಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಸುಳ್ಳಲ್ಲ. ಅವರಿಗೆ ಗಲ್ಲದ ಭಾಗ ಮೇಲಕ್ಕೆ ಎತ್ತುವಂಥದ್ದು ಕೊಡಿಸಬಹುದು, ಆದರೆ ಗಾಡಿ ಹೊರಟ ಮೇಲೆ ಅದನ್ನು ಇಳಿಸಿರಬೇಕು. ಅದೂ ಆಗುವುದಿಲ್ಲ ಅಂದರೆ ಕಿವಿ, ಹಿಂದಲೆ ಪೂರ್ತಿ ಮುಚ್ಚುವ ಐಎಸ್‌ಐ ತೆರೆದ ಮುಖದ್ದಾದರೂ ಇರಲಿ. ಗಲ್ಲಕ್ಕೆ ರಕ್ಷಣೆ ಇಲ್ಲ ಅನ್ನುವುದು ಗೊತ್ತಿದ್ದೇ ಒಪ್ಪಿಕೊಳ್ಳುವ ರಾಜಿ ಅದು.

ನಮ್ಮ ಮಳೆಗಾಲಕ್ಕೆ ಒಂದೆರಡು ಮಾತು. ಒದ್ದೆ ಹೆಲ್ಮೆಟ್ ಮುಗ್ಗಲು ವಾಸನೆ ಹೊಡೆದರೆ ಹಿಂದಿನವರು ಹಾಕುವುದೇ ಇಲ್ಲ. ಒಳಗಿನ ಬಟ್ಟೆ ಬಿಚ್ಚಿ ತೊಳೆಯಲು ಬರುವಂಥದ್ದೇ ಕೊಳ್ಳಿ, ಶಾಂಪೂ ಹಾಕಿ ತೊಳೆದು ಗಾಳಿಗೆ ಒಣಗಿಸಿ. ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಬೇಡಿ, ಚಿಪ್ಪು ಹಾಳಾಗುತ್ತದೆ. ಕಪ್ಪು ವೈಸರ್ ಹಾಕಿಕೊಂಡು ರಾತ್ರಿ ಆಟ ಮುಗಿಸಿ ಬರುವವರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಎದುರು ಬರುವ ಲೈಟಿಲ್ಲದ ಸ್ಕೂಟರನ್ನು ಹೇಗೆ ಕಾಣುತ್ತಾರೋ ನನಗೆ ತಿಳಿಯದು.

ಇನ್ನು ಮಕ್ಕಳು. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕವರನ್ನು ಕರಕೊಂಡು ಹೋಗುವಾಗ ಬೆಲ್ಟು, ಮಕ್ಕಳ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಅನ್ನುವ ನಿಯಮ 2023ರ ಫೆಬ್ರವರಿಯಿಂದ ಇದೆ. ನಮ್ಮಲ್ಲಿ ಶಾಲೆಗೆ ಬಿಡುವ ಹೊತ್ತಿಗೆ ಅಪ್ಪನ ತಲೆಯಲ್ಲಿ ಹೆಲ್ಮೆಟ್, ಹಿಂದೆ ಕೂತ ಎಂಟು ವರ್ಷದವನ ತಲೆಯಲ್ಲಿ ಯೂನಿಫಾರ್ಮಿನ ಟೊಪ್ಪಿ. ಕೇಳಿದರೆ "ಅವನ ಸೈಜು ಸಿಗುವುದಿಲ್ಲ" ಅನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಅಂಗಡಿಗಳಲ್ಲಿ ಮಕ್ಕಳದ್ದು ಅಂತ ಕೊಡುವ ಎಷ್ಟೋ ಹೆಲ್ಮೆಟ್ ಸೈಕಲ್ಲಿನದ್ದು ಇಲ್ಲವೇ ಸುಮ್ನೆ ಆಟಿಕೆ. ಕುಂಬಳೆ, ಉಪ್ಪಳ, ಮುಳ್ಳೇರಿಯ ಕಡೆ ಮಕ್ಕಳ ಅಳತೆಯ ಐಎಸ್‌ಐ ಹೆಲ್ಮೆಟ್ ಇಟ್ಟಿರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಶಾಲೆ ಶುರುವಾಗುವ ಮೊದಲು ಬೇಕಾಗಿರುವವರು ನಮ್ಮ ಬೀದಿಯಲ್ಲೇ ತುಂಬ ಜನ ಇದ್ದಾರೆ.